ಹೋಮ್ಸ್ ಮಾಡುವುದು ನಿಜವಾಗಿಯೂ ‘ಡಿಡಕ್ಷನ್’ ಆಗಿದೆಯೇ?

ಷರ್ಲಾಕ್ ಹೋಮ್ಸ್ ತನ್ನ ವಿಧಾನವನ್ನು ‘ಡಿಡಕ್ಷನ್’ ಎನ್ನುತ್ತಾನೆ, ಆದರೆ ಅದು ತರ್ಕಶಾಸ್ತ್ರದ ಪಠ್ಯದಲ್ಲಿ ಓದಿದ ನಿಗಮನದೊಂದಿಗೆ ತಾಳೆಯಾಗುವುದಿಲ್ಲ, ಹಾಗಾದರೆ ಅವನು ಮಾಡುವುದು ಏನು ಎಂದು ನೀವು ಕೇಳಿದ್ದೀರಿ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಪಿಯುಸಿಯಲ್ಲಿ ತರ್ಕಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುವಾಗ ನಾನೂ ಇದೇ ಗೊಂದಲಕ್ಕೆ ಬಿದ್ದಿದ್ದೆ. ಆ ಕಥೆಗಳನ್ನು ಮತ್ತೆ ಮತ್ತೆ ಓದಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಹೋಮ್ಸ್ ಮಾಡುವುದರಲ್ಲಿ ಬಹುಪಾಲು ಊಹೆ, ಮತ್ತು ಆ ಊಹೆ ಸಾಮಾನ್ಯವಾಗಿ ಹುಸಿಯಾಗದಂತೆ ಕಾಯುವವನು ಲೇಖಕ.

ಆಧಾರವಾಕ್ಯಗಳು ನಿಜವಾಗಿದ್ದರೆ ತೀರ್ಮಾನ ಸುಳ್ಳಾಗಲು ಸಾಧ್ಯವೇ ಇಲ್ಲದಿರುವುದು ನಿಗಮನ. 1887ರಲ್ಲಿ ಬಂದ ಮೊದಲ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲಿ ಹೋಮ್ಸ್, ಮುಂದೆ ತನ್ನ ಗೆಳೆಯನಾಗುವ ವೈದ್ಯ ವಾಟ್ಸನ್‌ನನ್ನು ಕಂಡೊಡನೆ, ನೀವು ಅಫ್ಘಾನಿಸ್ತಾನಕ್ಕೆ ಹೋಗಿ ಬಂದವರು ಎನ್ನುತ್ತಾನೆ. ವೈದ್ಯನ ಲಕ್ಷಣ, ಸೈನಿಕನ ನಿಲುವು, ಬಿಸಿಲಿಗೆ ಕಂದಿದ ಮುಖ ಆದರೆ ಬೆಳ್ಳಗಿರುವ ಮಣಿಕಟ್ಟು, ಕಾಯಿಲೆಯಿಂದ ಸೊರಗಿದ ಚಹರೆ, ಸೆಟೆದುಕೊಂಡಂತಿರುವ ಎಡಗೈ, ಇವೇ ಅವನಿಗೆ ಆಧಾರ. ಆದರೆ 1879ರಲ್ಲಿ ಬ್ರಿಟಿಷರು ದಕ್ಷಿಣ ಆಫ್ರಿಕಾದಲ್ಲಿ ಜುಲು ಜನರೊಡನೆಯೂ ಯುದ್ಧ ಮಾಡಿದ್ದರು. ಅಲ್ಲಿ ಗಾಯಗೊಂಡ ಸೇನಾವೈದ್ಯನೊಬ್ಬ ಬಂದು ನಿಂತಿದ್ದರೂ ಈ ಗುರುತುಗಳೆಲ್ಲ ಹೀಗೆಯೇ ಇರಬಹುದಿತ್ತು. ನಮ್ಮ ನ್ಯಾಯ ದರ್ಶನದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಹೇತುವಿಗೂ (ಆಧಾರವಾದ ಗುರುತಿಗೂ) ಸಾಧ್ಯಕ್ಕೂ (ಅದರಿಂದ ಸಾಧಿಸಬೇಕಾದ ಸಂಗತಿಗೂ) ನಡುವೆ ವ್ಯಾಪ್ತಿಯಿಲ್ಲ, ಅಂದರೆ ಎಂದೂ ತಪ್ಪದ ನಂಟಿಲ್ಲ: ಹೊಗೆಯಿದ್ದಲ್ಲಿ ಬೆಂಕಿಯಿರಲೇಬೇಕು, ಆದರೆ ಕಂದಿದ ಮುಖವಿದ್ದಲ್ಲೆಲ್ಲ ಅಫ್ಘಾನಿಸ್ತಾನ ಇರಬೇಕಾಗಿಲ್ಲ.

ಈ ಬಗೆಯ ಯೋಚನೆಗೆ ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ‘ಅಬ್ಡಕ್ಷನ್’ ಎಂಬ ಹೆಸರು ಕೊಟ್ಟ. ಅಚ್ಚರಿಯ ಸಂಗತಿಯೊಂದು ಎದುರಾಗುತ್ತದೆ. ಇಂಥದ್ದೊಂದು ನಡೆದಿದ್ದರೆ ಆ ಸಂಗತಿಯಲ್ಲಿ ಅಚ್ಚರಿಯೇನೂ ಉಳಿಯುವುದಿಲ್ಲ. ಆದ್ದರಿಂದ ಅದು ನಡೆದಿರಬಹುದೆಂದು ಶಂಕಿಸಲು ಕಾರಣವಿದೆ. ಗಮನಿಸಿ, ಶಂಕಿಸಲು ಮಾತ್ರ.

ಇದನ್ನು ಬಿಡಿಸಿ ನೋಡಲು 1892ರ ‘ಸಿಲ್ವರ್ ಬ್ಲೇಜ್’ ಕಥೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. (ಓದಿಲ್ಲದವರು ಮೊದಲು ಅದನ್ನು ಓದಿ ಬರುವುದು ಮೇಲು, ಏಕೆಂದರೆ ಮುಂದೆ ಗುಟ್ಟನ್ನೆಲ್ಲ ಹೇಳಿಬಿಡುತ್ತೇನೆ.) ರೇಸ್ ಕುದುರೆಯೊಂದು ರಾತ್ರಿ ಲಾಯದಿಂದ ಕಾಣೆಯಾಗುತ್ತದೆ, ಅದರ ತರಬೇತುದಾರ ಸ್ಟ್ರೇಕರ್ ಬಯಲಿನಲ್ಲಿ ಸತ್ತು ಬಿದ್ದಿರುತ್ತಾನೆ. ಲಾಯದಲ್ಲಿದ್ದ ನಾಯಿ ಆ ರಾತ್ರಿ ಬೊಗಳಲಿಲ್ಲ ಎಂಬ ಪ್ರಸಿದ್ಧವಾದ ಸುಳಿವು ಬರುವುದು ಇಲ್ಲಿಯೇ. ಅಪರಿಚಿತ ಬಂದಿದ್ದರೆ ನಾಯಿ ಬೊಗಳುತ್ತಿತ್ತು, ಬೊಗಳಲಿಲ್ಲ, ಆದ್ದರಿಂದ ಬಂದವನು ಅಪರಿಚಿತನಲ್ಲ: ಇದು ಅಪ್ಪಟ ನಿಗಮನ. ಬೊಗಳಲಿಲ್ಲ ಎಂದು ತಿಳಿಯುವುದಾದರೂ ಹೇಗೆ? ಮೀಮಾಂಸಾ ದರ್ಶನದ ಭಾಟ್ಟ ಪಂಥದವರು ಅನುಪಲಬ್ಧಿಯನ್ನು, ಅಂದರೆ ತಿಳಿಯದಿರುವಿಕೆಯನ್ನು, ಪ್ರಮಾಣವೆಂದು (ಅರಿವಿನ ಸಾಧನವೆಂದು) ಒಪ್ಪುವಾಗ ಒಂದು ಷರತ್ತು ಹಾಕುತ್ತಾರೆ. ಇದ್ದಿದ್ದರೆ ಖಂಡಿತ ತಿಳಿಯುತ್ತಿತ್ತು ಎನ್ನುವಂತಿದ್ದಾಗ ಮಾತ್ರ, ತಿಳಿಯಲಿಲ್ಲ ಎಂಬುದರಿಂದ ಇಲ್ಲ ಎಂದು ಹೇಳಬಹುದು. ಲಾಯದ ಅಟ್ಟದ ಮೇಲೆ ಮಲಗಿದ್ದ ಇಬ್ಬರು ಹುಡುಗರಿಗೆ ಎಚ್ಚರವಾಗಲಿಲ್ಲ ಎಂಬ ಸಣ್ಣ ವಿವರ ಕಥೆಯಲ್ಲಿ ಆ ಷರತ್ತನ್ನು ಪೂರೈಸುತ್ತದೆ. ಈ ಕಥೆಗಳ ಲೇಖಕ ಡಾಯ್ಲ್‌ಗೆ ಮೀಮಾಂಸೆ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ, ಆದರೆ ಆ ವಿವರವಿಲ್ಲದೆ ಸುಳಿವು ನಿಲ್ಲುವುದಿಲ್ಲ ಎಂಬುದನ್ನು ಅವನು ಬಲ್ಲವನಾಗಿದ್ದ. ಹಾಗಿದ್ದೂ ಆಧಾರವಾಕ್ಯ ನಿಜವೇ ಎಂಬ ಪ್ರಶ್ನೆ ಉಳಿಯುತ್ತದೆ. ಕಾವಲು ಹುಡುಗನ ಊಟದಲ್ಲಿ ಅಫೀಮು ಬೆರೆಸಿದವರು ನಾಯಿಗೂ ಏನನ್ನಾದರೂ ಹಾಕಿರಬಾರದೇಕೆ ಎಂದು ಹಟಮಾರಿ ಓದುಗನೊಬ್ಬ ಕೇಳಿದರೆ, ತರ್ಕದ ಆಕಾರವೊಂದೇ ಅವನ ಬಾಯಿ ಮುಚ್ಚಿಸಲಾರದು.

ನನಗೆ ನಾಯಿಗಿಂತ ಕುರಿಗಳು ಮುಖ್ಯವೆನಿಸುತ್ತವೆ. ಸತ್ತವನ ಬಳಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸುವ ಸೂಕ್ಷ್ಮವಾದ ಚಾಕು ಸಿಕ್ಕಿರುತ್ತದೆ. ಸ್ಟ್ರೇಕರ್ ತಾನೇ ಕುದುರೆಯ ಕಾಲಿನ ಸ್ನಾಯುರಜ್ಜುವನ್ನು ಹೊರಗೆ ಕಾಣದಂತೆ ಗೀರಲು ಹೊರಟಿದ್ದನೇ ಎಂದು ಹೋಮ್ಸ್ ಊಹಿಸುತ್ತಾನೆ. ಹಾಗಿದ್ದರೆ ಇಷ್ಟು ನಾಜೂಕಿನ ಕೆಲಸವನ್ನು ಅವನು ಮೊದಲು ಬೇರೆ ಪ್ರಾಣಿಯ ಮೇಲೆ ಅಭ್ಯಾಸ ಮಾಡಿರಬೇಕು. ಕುರಿ ನೋಡಿಕೊಳ್ಳುವ ಹುಡುಗನನ್ನು ವಿಚಾರಿಸಿದಾಗ ಇತ್ತೀಚೆಗೆ ಮೂರು ಕುರಿಗಳು ಕುಂಟುತ್ತಿರುವುದು ತಿಳಿಯುತ್ತದೆ. ಊಹೆ, ಊಹೆಯಿಂದ ಹೊರಡುವ ನಿಗಮನ, ಆಮೇಲೆ ಪರೀಕ್ಷೆ, ಮೂರೂ ಒಂದೇ ಪುಟದಲ್ಲಿ ಬರುತ್ತವೆ. ತನ್ನ ಊಹೆ ನಿಜವಾದದ್ದು ತನಗೇ ಸ್ವಲ್ಪ ಆಶ್ಚರ್ಯ ತಂದಿತೆಂದು ಹೋಮ್ಸ್ ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ನಿಗಮನ ಮಾಡಿದವನಿಗೆ ಆಶ್ಚರ್ಯವಾಗಲು ಕಾರಣವೇ ಇರುವುದಿಲ್ಲ. ಇನ್‌ಸ್ಪೆಕ್ಟರನ ಕಣ್ಣಿಗೆ ಬೀಳದ, ಕೆಸರಿನಲ್ಲಿ ಹುದುಗಿದ್ದ ಅರೆಸುಟ್ಟ ಬೆಂಕಿಕಡ್ಡಿ ಅವನಿಗೆ ಸಿಗುವುದೂ ಅದನ್ನೇ ಹುಡುಕುತ್ತಿದ್ದ ಕಾರಣದಿಂದ. ಮೊದಲು ನೋಡು, ಆಮೇಲೆ ಯೋಚಿಸು ಎಂದು ವಾಟ್ಸನ್‌ಗೆ ಪಾಠ ಹೇಳುವವನು ಇಲ್ಲಿ ಮೊದಲು ಯೋಚಿಸಿ ಆಮೇಲೆ ನೋಡಿದ್ದಾನೆ.

ಅಸಾಧ್ಯವಾದುದನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿದದ್ದೇ ಸತ್ಯ ಎಂಬ ಅವನ ಇನ್ನೊಂದು ಸೂತ್ರವನ್ನೂ ನೀವು ಉಲ್ಲೇಖಿಸಿದ್ದೀರಿ. ಸೂತ್ರ ತಪ್ಪಲ್ಲ, ಆದರೆ ಸಾಧ್ಯತೆಗಳ ಪಟ್ಟಿ ಪೂರ್ಣವಾಗಿದ್ದಾಗ ಮಾತ್ರ ಅದಕ್ಕೆ ಬಲ, ಮತ್ತು ಆ ಪಟ್ಟಿಯನ್ನು ಮುಚ್ಚುವವನು ಲೇಖಕನೇ. ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮ ಬರೆದಾಗ, ಅಪರಾಧಿ ಕಥೆಯ ಆರಂಭದಲ್ಲಿಯೇ ಕಾಣಿಸಿಕೊಂಡಿರಬೇಕು, ಗುಪ್ತಮಾರ್ಗ ಒಂದಕ್ಕಿಂತ ಹೆಚ್ಚಿರಬಾರದು ಎಂದೆಲ್ಲ ವಿಧಿಸಿದ್ದು ಸಭ್ಯತೆಗಾಗಿ ಮಾತ್ರವಲ್ಲ, ಪಟ್ಟಿಗೆ ಬೇಲಿ ಹಾಕುವುದಕ್ಕಾಗಿ. ನಿಜವಾದ ಠಾಣೆಗೆ ಬರುವ ಪ್ರಕರಣಕ್ಕೆ ಅಂಥ ಬೇಲಿಯಿರುವುದಿಲ್ಲ.

ಬೇಲಿ ಇದ್ದರೂ ಹೋಮ್ಸ್ ಎಡವಿದ ಕಥೆಯೊಂದಿದೆ, 1893ರ ‘ದಿ ಯೆಲ್ಲೋ ಫೇಸ್’. ಹೆಂಡತಿ ಗುಟ್ಟಾಗಿ ಪಕ್ಕದ ಮನೆಗೆ ಹೋಗುವುದನ್ನು ಕಂಡ ಗಂಡ ಹೋಮ್ಸ್‌ನ ಬಳಿ ಬರುತ್ತಾನೆ. ಆಕೆಯ ಮೊದಲ ಗಂಡ ಬದುಕಿದ್ದು ಬೆದರಿಸುತ್ತಿದ್ದಾನೆ ಎಂದು ಹೋಮ್ಸ್ ನಿರ್ಧರಿಸುತ್ತಾನೆ. ಇದೆಲ್ಲ ಬರೀ ಊಹೆಯಲ್ಲವೇ ಎಂದು ವಾಟ್ಸನ್ ಆಕ್ಷೇಪಿಸಿದಾಗ, ಊಹೆಯಾದರೇನು, ಗೊತ್ತಿರುವ ಸಂಗತಿಗಳನ್ನೆಲ್ಲ ಇದು ವಿವರಿಸುತ್ತದೆಯಲ್ಲ ಎಂಬುದು ಅವನ ಸಮರ್ಥನೆ. ಅದು ನಿಜವಾಗಿಯೂ ಎಲ್ಲವನ್ನೂ ವಿವರಿಸುತ್ತಿತ್ತು. ಆ ಮನೆಯ ಬಾಗಿಲು ತೆರೆದಾಗ ಒಳಗಿದ್ದದ್ದು ಆಕೆಯ ಪುಟ್ಟ ಮಗಳು.