ಹಳೆಯ ಟ್ರ್ಯಾಕ್ಟರಿಗೆ ಯಾವ ವಾಲ್ವ್ ಸೀಲ್?

ಪ್ರಶ್ನೆ: ನಮ್ಮದು 1990ರ ದಶಕದ, ಮೂರು ಸಿಲಿಂಡರಿನ ಡೀಸೆಲ್ ಟ್ರ್ಯಾಕ್ಟರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದು, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ವಾಲ್ವ್ ಸೀಲ್ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದಾರೆ. ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು: ಒಂದು ಟೋಪಿಯಂತಿರುವ ಬರೀ ರಬ್ಬರಿನದು, ಇನ್ನೊಂದು ಲೋಹದ ಕವಚ, ಸಣ್ಣ ಸ್ಪ್ರಿಂಗ್ ಇರುವ, ಬೆಲೆ ಹೆಚ್ಚಿನದು. ಯಾವುದನ್ನು ಕೊಳ್ಳಲಿ?
— ರೈತರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಎರಡನ್ನೂ ಈಗಲೇ ಕೊಳ್ಳಬೇಡಿ, ಹೆಡ್ ಬಿಚ್ಚಿಸಿ ವಾಲ್ವ್ ಗೈಡ್‌ಗಳ (ವಾಲ್ವಿನ ಕಡ್ಡಿ ಜಾರುವ ಕೊಳವೆಗಳ) ಸವೆತವನ್ನು ಅಳೆಸಿದ ಮೇಲೆಯೇ ಸೀಲನ್ನು ಆರಿಸಬೇಕು. ಎಂಜಿನ್ ರಾತ್ರಿಯಿಡೀ ನಿಂತಿರುವಾಗ ವಾಲ್ವನ್ನು ಒತ್ತುವ ರಾಕರ್ ಕಡೆಯ ಆಯಿಲ್ ಗೈಡಿನ ಸಂದಿಯಲ್ಲಿ ಜಿನುಗಿ, ಬೆಳಿಗ್ಗೆ ಉರಿದು ನೀಲಿ ಹೊಗೆಯಾಗುತ್ತದೆ. ಆದ್ದರಿಂದ ಮೆಕ್ಯಾನಿಕ್ ಅವರ ಅನುಮಾನಕ್ಕೆ ಆಧಾರವಿದೆ. ಆದರೆ ಉಳುವಾಗಲೂ ನೀಲಿ ಹೊಗೆ ನಿಲ್ಲದೆ, ಎಂಜಿನ್ನಿನ ಒಳಗಾಳಿ ಹೊರಹೋಗುವ ಬ್ರೀದರ್ ಕೊಳವೆಯಿಂದ ಜೋರಾಗಿ ಹೊಗೆ ನುಗ್ಗುತ್ತಿದ್ದರೆ ದೋಷವನ್ನು ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಬೋರ್‌ಗಳಲ್ಲಿ ಹುಡುಕಬೇಕು. ಹೊಗೆ ಬೆಳ್ಳಗಿದ್ದು ಕಣ್ಣುರಿಸಿದರೆ ಅದು ಸರಿಯಾಗಿ ಉರಿಯದ ಡೀಸೆಲ್. ಅದಕ್ಕೂ ಸೀಲಿಗೂ ಸಂಬಂಧವಿಲ್ಲ.

ವಾಲ್ವನ್ನು ಸೀಟಿನಿಂದ ಸ್ವಲ್ಪ ಎತ್ತಿ ಪಕ್ಕಕ್ಕೆ ಅಲುಗಿಸಿದಾಗ ಆಟ ಕೈಗೆ ಸ್ಪಷ್ಟವಾಗಿ ತಿಳಿಯುವಂತಿದ್ದರೆ, ಎಷ್ಟೇ ದುಬಾರಿ ಸೀಲ್ ಹಾಕಿದರೂ ಅದರ ತುಟಿ ವಾಲ್ವಿನ ಓಲಾಟಕ್ಕೆ ಬೇಗ ಸವೆದುಹೋಗುವುದರಿಂದ, ಗೈಡ್ ಬದಲಿಸದೆ ಸೀಲಿಗೆ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಟೋಪಿ ಸೀಲ್ ವಾಲ್ವಿನ ಜೊತೆಗೇ ಮೇಲೆ ಕೆಳಗೆ ಚಲಿಸುತ್ತ, ಆಯಿಲ್ ಗೈಡಿನ ಬಾಯಿಗೆ ಬೀಳದಂತೆ ತಡೆಯುತ್ತದೆ. ಕವಚದ ಸೀಲ್ ಗೈಡಿನ ತಲೆಯ ಮೇಲೆ ಬಿಗಿಯಾಗಿ ಕೂತು ವಾಲ್ವ್ ಸ್ಟೆಮ್ಮನ್ನು (ವಾಲ್ವಿನ ಕಡ್ಡಿಯನ್ನು) ಒರೆಸುತ್ತದೆ. ಇದಕ್ಕೆ ಗೈಡಿನ ತಲೆ ಸರಿಯಾದ ಅಳತೆಗೆ ದುಂಡಗೆ ಕಡೆದಿರಬೇಕು, ವಾಲ್ವ್ ಪೂರ್ತಿ ತೆರೆದಾಗಲೂ ವಾಲ್ವ್ ಸ್ಪ್ರಿಂಗಿನ ಮೇಲಿನ ರಿಟೇನರ್ ಬಿಲ್ಲೆ ಸೀಲಿಗೆ ತಾಗಬಾರದು. ಹಾಗೆ ಕಡೆಯದ ಗೈಡಿಗೆ ಬಲವಂತವಾಗಿ ತುರುಕಿದರೆ ಸೀಲ್ ಕಳಚಿ ಮೇಲೇರಿ ಜಜ್ಜಿಹೋಗುತ್ತದೆ. ನಿಮ್ಮ ಎಂಜಿನ್ನಿಗೆ ಕಂಪನಿಯಿಂದಲೇ ಟೋಪಿ ಸೀಲ್ ಬಂದಿದ್ದರೆ ಅದೇ ಸಾಕು. ನಿಧಾನವಾಗಿ ತಿರುಗುವ ಇಂಥ ಎಂಜಿನ್ನಿಗಾಗಿ ಗೈಡ್ ಕಡೆಸುವ ಖರ್ಚು ಬೇಕಿಲ್ಲ. ಎಕ್ಸಾಸ್ಟ್ ಕಡೆಗೆ ಅತಿ ಬಿಗಿಯಾದ ಸೀಲ್ ಹಾಕಿದರೆ ಸ್ಟೆಮ್ ಆಯಿಲ್ ಇಲ್ಲದೆ ಒಣಗಿ ಗೈಡಿನಲ್ಲಿ ಕಚ್ಚಿಕೊಳ್ಳಬಹುದು. ಕೆಲವು ಎಂಜಿನ್‌ಗಳಲ್ಲಿ ಇನ್ಲೆಟ್, ಎಕ್ಸಾಸ್ಟ್ ಸೀಲುಗಳು ಬೇರೆಬೇರೆಯಾಗಿರುವುದರಿಂದ ಬಿಚ್ಚುವಾಗಲೇ ಗುರುತು ಮಾಡಿಡಿ.

ರಬ್ಬರಿನ ಜಾತಿಯನ್ನೂ ವಿಚಾರಿಸಿ. ನೈಟ್ರೈಲ್ ಅಗ್ಗ, ಆದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಗ ಗಡುಸಾಗಿ ಬಿರಿಯುತ್ತದೆ. ವಿಟಾನ್ 200 ಡಿಗ್ರಿಯವರೆಗೂ ತಾಳುತ್ತದೆ. ಬಣ್ಣ ನೋಡಿ ಜಾತಿ ಹೇಳಲಾಗದು.

ಅಂಗಡಿಗೆ ಹೋಗುವಾಗ ಟ್ರ್ಯಾಕ್ಟರಿನ ಹೆಸರಷ್ಟೇ ಸಾಲದು. ಎಂಜಿನ್ ನಂಬರ್, ಹಳೆಯ ಸೀಲ್, ವರ್ನಿಯರಿನಲ್ಲಿ ಅಳೆದ ಸ್ಟೆಮ್ ಹಾಗೂ ಗೈಡ್ ತಲೆಯ ವ್ಯಾಸ, ವಾಲ್ವ್ ಸ್ಪ್ರಿಂಗಿನ ಒಳವ್ಯಾಸ ಇವಿಷ್ಟೂ ಜೊತೆಗಿರಲಿ. ಕೂರಿಸುವಾಗ ಸ್ಟೆಮ್ಮಿಗೆ ಆಯಿಲ್ ಸವರಿ, ರಿಟೇನರನ್ನು ಹಿಡಿದಿಡುವ ಲಾಕ್ ಕೂರುವ ತೋಡಿನ ಅಂಚು ಸೀಲಿನ ತುಟಿಯನ್ನು ಸೀಳದಂತೆ ತೆಳು ಪ್ಲಾಸ್ಟಿಕ್ ಕೊಳವೆ ತೊಡಿಸಿಯೇ ಸೀಲನ್ನು ಇಳಿಸಲು ಮೆಕ್ಯಾನಿಕ್ ಅವರಿಗೆ ಹೇಳಿ.