ಮೂಟೆ ಬೇಡ ಅಂದಿಲ್ಲ ಮೇಷ್ಟ್ರೇ

ಓದುಗರ ಪತ್ರ: "ಯುದ್ಧ, ನೆರೆ, ಭೂಕಂಪದಲ್ಲಿ ಸಿಕ್ಕಿಕೊಂಡವರಿಗೆ ಧಾನ್ಯದ ಬದಲು ದುಡ್ಡು ಕೊಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಲವತ್ತು ವರ್ಷ ಪಾಠ ಮಾಡಿದ ನನಗೆ ಇದು ಸರಿ ಕಾಣಲಿಲ್ಲ. ಮೂಟೆ ಕೊಟ್ಟರೆ ಮಕ್ಕಳ ಹೊಟ್ಟೆಗಾದರೂ ಹೋಗುತ್ತದೆ. ದುಡ್ಡು ಕೊಟ್ಟರೆ ಗಂಡಸರು ಕುಡಿದು ಮುಗಿಸುತ್ತಾರೆ. ಆಮೇಲೆ ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ. ಪರಿಹಾರ ನಿಧಿಗೆ ಚೆಕ್ಕು ಲಗತ್ತಿಸಿದ್ದೇನೆ, ಧಾನ್ಯಕ್ಕೆ ಮಾತ್ರ ಬಳಸಿ." (ನಿವೃತ್ತ ಶಿಕ್ಷಕರೊಬ್ಬರು)

ಮೇಷ್ಟ್ರೇ,

ನಿಮ್ಮ ಕಾಗದ ಬಂದು ಮೂರು ವಾರ ಆಯ್ತು. ಉತ್ತರ ಬರೆಯಲು ಕೂತಾಗಲೆಲ್ಲ ಆ ಗಾದೆ ಅಡ್ಡ ಬರುತ್ತಿತ್ತು. ಸಾಲ ಕೊಟ್ಟು ಕೈ ಸುಟ್ಟುಕೊಂಡವನು ಹೇಳುವ ಮಾತು ಅದು. ಬಾಂಬ್ ಬಿದ್ದು ಮನೆ ಕಳೆದುಕೊಂಡವರ ಮುಂದೆ ಅದನ್ನು ತಂದು ನಿಲ್ಲಿಸಿದ್ದೀರಲ್ಲ, ನ್ಯಾಯವಾ? ಅಕ್ಷರ ಮಾತ್ರ ಮುತ್ತಿನ ಹಾಗಿದೆ. ಅದಕ್ಕೆ ಹತ್ತಕ್ಕೆ ಹತ್ತು.

ನಿಮ್ಮ ಪರವಾಗಿರುವ ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಗಡಿಯೇ ಇಲ್ಲದ ಕಡೆ ನೋಟು ಬರೀ ಕಾಗದ. ಮುತ್ತಿಗೆ ಬಿದ್ದ ಊರಿಗೆ ಹಿಟ್ಟೇ ಬರುತ್ತಿಲ್ಲ ಅಂದಾಗ ದುಡ್ಡು ಹಂಚಿದರೆ, ಇರುವ ಹಿಟ್ಟಿನ ಬೆಲೆ ಏರುತ್ತದೆ ಅಷ್ಟೇ. ಅಲ್ಲಿಗೆ ಲಾರಿಯೇ ಹೋಗಬೇಕು. ಸೊರಗಿ ಹೋದ ಮಗುವಿಗೂ ನೋಟು ಸಾಲದು. 1996ರ ಹೊತ್ತಿಗೆ ಫ್ರಾನ್ಸಿನಲ್ಲಿ ರೂಪುಗೊಂಡ ಪ್ಲಂಪಿನಟ್ ಎಂಬ ಕಡಲೆಕಾಯಿ ಪೇಸ್ಟಿನ ಪೊಟ್ಟಣ ಬೇಕು. 92 ಗ್ರಾಂ, 500 ಕ್ಯಾಲೊರಿ. ಒಲೆ ಬೇಡ, ನೀರು ಬೆರೆಸೋದು ಬೇಡ, ಮೂಲೆ ಹರಿದು ಮಗು ತಾನೇ ಚೀಪಬಹುದು. ಅದನ್ನು ಕಂಡುಹಿಡಿದವರಿಗೆ ಕೈ ಮುಗಿಯುತ್ತೇನೆ. ಆಯ್ತಾ? ಇನ್ನು ನನ್ನ ಸರದಿ.

ನಾನು ಆಗಿನ್ನೂ ಹೊಸ ವರದಿಗಾರ. ನೆರೆ ಇಳಿದ ಮೇಲೆ ಒಂದು ಪರಿಹಾರ ಶಿಬಿರಕ್ಕೆ ಹೋಗಿದ್ದೆ. ಮನೆಗೊಂದು ಮೂಟೆ ಗೋಧಿ ಹಂಚಿದ್ದರು. ಒಬ್ಬ ಹೆಂಗಸು ತನ್ನ ಮೂಟೆಯ ಮೇಲೇ ಕೂತಿದ್ದಳು, ಮಡಿಲಲ್ಲಿ ಜ್ವರ ಬಂದ ಮಗು. "ಗೋಧಿ ಸಿಕ್ತಲ್ಲಮ್ಮಾ, ಸ್ವಲ್ಪ ಧೈರ್ಯ ಬಂತಾ?" ಅಂತ ದೊಡ್ಡ ಮನುಷ್ಯನ ಹಾಗೆ ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಿರಣಿ ಮುಳುಗಿದೆ. ಇದನ್ನ ಹಲ್ಲಲ್ಲಿ ಬೀಸಲಾ ಸ್ವಾಮಿ?" ಅಂದಳು. ಸಂಜೆಗೆ ಒಬ್ಬ ವ್ಯಾಪಾರಿ ಟೆಂಪೋ ತಂದು ನಿಲ್ಲಿಸಿದ. ಆಕೆ ಮುಕ್ಕಾಲು ಮೂಟೆಯನ್ನು ಅರ್ಧ ಬೆಲೆಗೆ ಮಾರಿ, ಒಂದು ಪಾತ್ರೆ, ಸೀಮೆಎಣ್ಣೆ, ಮಗುವಿಗೆ ಮಾತ್ರೆ ತಂದಳು. ನಾನು ಏನು ಬರೆದೆ ಗೊತ್ತಾ? "ಪರಿಹಾರದ ಗೋಧಿ ಕಾಳಸಂತೆಗೆ!" ಮುಖಪುಟದಲ್ಲಿ ಬಂತು. ಎರಡು ದಿನ ಕಳೆದು ಅಧಿಕಾರಿಗಳು, ಮೂಟೆ ಮಾರಿದವರ ಹೆಸರು ಪಟ್ಟಿಯಿಂದ ಹೊಡೆದುಹಾಕುತ್ತೇವೆ ಅಂತ ಮೈಕಿನಲ್ಲಿ ಕೂಗಿಸಿದರಂತೆ. ಆ ಅರ್ಧ ಬೆಲೆ ನೋಡಿ ಮೇಷ್ಟ್ರೇ. ಸರ್ಕಾರ ಪೂರ್ತಿ ಬೆಲೆ ಕೊಟ್ಟು ಕೊಂಡು, ಲಾರಿ ಬಾಡಿಗೆ ಕೊಟ್ಟು, ಗೋದಾಮಿನಲ್ಲಿಟ್ಟು ಹಂಚಿದ್ದನ್ನು ಆಕೆ ಅರ್ಧಕ್ಕೆ ದುಡ್ಡು ಮಾಡಿಕೊಂಡಳು. ಮೊದಲೇ ಆ ದುಡ್ಡು ಅವಳ ಕೈಗೆ ಕೊಟ್ಟಿದ್ದರೆ ಟೆಂಪೋದವನಿಗೆ ಅಲ್ಲೇನು ಕೆಲಸ?

ಇನ್ನು ಕುಡಿತ. ಇದೊಂದು ಮಾತು ನನಗೆ ಬರುವ ಪತ್ರಗಳಲ್ಲಿ ಅರ್ಧದಲ್ಲಾದರೂ ಇರುತ್ತದೆ. 2014ರಲ್ಲಿ ವಿಶ್ವಬ್ಯಾಂಕ್ ಒಂದು ಪರಿಶೀಲನೆ ಪ್ರಕಟಿಸಿತು. ಬಡವರ ಕೈಗೆ ನಗದು ಕೊಟ್ಟ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ನಗದು ಸಿಕ್ಕಿತೆಂದು ಹೆಂಡ, ತಂಬಾಕಿನ ಖರ್ಚು ಏರಲಿಲ್ಲ, ಕೆಲವು ಕಡೆ ಇಳಿದಿತ್ತು. ಕುಡಿಯುವವರು ಇಲ್ಲ ಅಂತಲ್ಲ. ಆದರೆ ನಿಮ್ಮ ಪಿಂಚಣಿ ನೀವು ಹೇಗೆ ಖರ್ಚು ಮಾಡುತ್ತೀರಿ ಅಂತ ಯಾರಾದರೂ ಕೇಳಿದ್ದಾರಾ? ತಿಂಗಳ ಒಂದನೇ ತಾರೀಖು ಪಿಂಚಣಿಯ ಬದಲು ಎರಡು ಮೂಟೆ ಗೋಧಿ ಬಂದು ಬಾಗಿಲಲ್ಲಿ ಬಿದ್ದರೆ, ನನಗೆ ಇನ್ನೂ ದೊಡ್ಡ ಕಾಗದ ಬರೆಯುತ್ತಿದ್ದಿರಿ.

ಮತ್ತೆ ಮೂಟೆ ಅಂದರೆ ನೇರವಾಗಿ ಹೊಟ್ಟೆಗೆ ಹೋಗುತ್ತದೆ ಅನ್ನೋ ನಂಬಿಕೆ ಇದೆಯಲ್ಲ, ಅದೆಲ್ಲಿಂದ ಬಂತು? ಇಥಿಯೋಪಿಯಾದಲ್ಲಿ ನೆರವಿನ ಧಾನ್ಯ ಎಷ್ಟು ದೊಡ್ಡ ಮಟ್ಟದಲ್ಲಿ ಬೇರೆ ದಾರಿ ಹಿಡಿದಿತ್ತೆಂದರೆ, 2023ರಲ್ಲಿ ಅಮೆರಿಕ ಮತ್ತು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಎರಡೂ ಮೊದಲು ಟಿಗ್ರೇ ಪ್ರಾಂತ್ಯದಲ್ಲಿ, ಆಮೇಲೆ ಇಡೀ ದೇಶದಲ್ಲಿ ಹಂಚಿಕೆಯನ್ನೇ ನಿಲ್ಲಿಸಿದವು. ತಿಂಗಳುಗಟ್ಟಲೆ. ಕದ್ದವರು ಯಾರೋ, ಉಪವಾಸ ಬಿದ್ದವರು ಯಾರೋ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಮೂಟೆಗೆ ಗೋದಾಮು ಬೇಕು, ಲಾರಿ ಬೇಕು, ಚೆಕ್‌ಪೋಸ್ಟ್ ದಾಟಬೇಕು, ಒಂದೊಂದು ಕಡೆಯೂ ಒಬ್ಬೊಬ್ಬ ಪೂಜಾರಿ. ದುಡ್ಡನ್ನೂ ಕದಿಯುತ್ತಾರೆ, ಗೊತ್ತು. ಆದರೆ ಅದಕ್ಕೆ ಇಷ್ಟು ಕೈ ಬೇಕಾಗುವುದಿಲ್ಲ.

ಸೊಮಾಲಿಯಾ ನೋಡಿ. 2010ರಲ್ಲಿ ಅಲ್ ಶಬಾಬ್ ಎಂಬ ಬಂಡುಕೋರ ಗುಂಪು ತನ್ನ ಹಿಡಿತದ ಜಾಗಗಳಲ್ಲಿ ವಿಶ್ವ ಆಹಾರ ಕಾರ್ಯಕ್ರಮಕ್ಕೆ ನಿಷೇಧ ಹಾಕಿತು. ಮೂಟೆ ಹೋಗುವ ದಾರಿ ಮುಚ್ಚಿತು. 2011ರ ಜುಲೈ 20ರಂದು ವಿಶ್ವಸಂಸ್ಥೆ ಕ್ಷಾಮ ಘೋಷಿಸಿತು. ಆದರೆ ಅಲ್ಲಿನ ವ್ಯಾಪಾರಿಗಳು ಧಾನ್ಯ ತರುವುದನ್ನು ನಿಲ್ಲಿಸಿರಲಿಲ್ಲ. ಸಂತೆಯಲ್ಲಿ ಕಾಳು ಇತ್ತು, ಕೊಳ್ಳುವವರ ಕೈ ಖಾಲಿ. ಆಗ ಬ್ಯಾಂಕಿಲ್ಲದೆ ನಂಬಿಕೆಯ ಮೇಲೆ ದುಡ್ಡು ದಾಟಿಸುವ ಹವಾಲಾದವರ ಮೂಲಕವೇ ನೆರವು ಸಂಸ್ಥೆಗಳು ದುಡ್ಡು ಕಳಿಸಿದವು, ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ. ಹೌದು, ಹವಾಲಾ! ನಮ್ಮ ಕಿವಿಗೆ ಕಳ್ಳದಂಧೆಯ ಹಾಗೆ ಕೇಳುವ ಅದೇ ಹವಾಲಾ. ಆದರೂ ಆ ಕ್ಷಾಮದಲ್ಲಿ ಸುಮಾರು 2.6 ಲಕ್ಷ ಜನ ಸತ್ತರು, ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ದುಡ್ಡು ಹೋಗಿದ್ದು ತಡವಾಗಿ. ಹೀಗೆ ಕೊಡಬಹುದಾ, ಸರಿಯಾದವರ ಕೈ ಸೇರುತ್ತಾ ಅಂತ ದೊಡ್ಡವರೆಲ್ಲ ಯೋಚಿಸುತ್ತಾ ಕೂತಿದ್ದರು. ನಿಮ್ಮ ಹಾಗೆಯೇ.

ಸಿಟ್ಟಾಗಬೇಡಿ. ನಿಮಗಿಂತ ಜಾಸ್ತಿ ಬೈಯಬೇಕಾದವರು ಇದ್ದಾರೆ. ಅಮೆರಿಕ 1954ರಲ್ಲಿ ಕಾನೂನು ಮಾಡಿ ತನ್ನ ರೈತರ ಹೆಚ್ಚುವರಿ ಧಾನ್ಯವನ್ನು ನೆರವು ಅಂತ ಕಳಿಸಲು ಶುರುಮಾಡಿತು. ಆ ಧಾನ್ಯದಲ್ಲಿ ಅರ್ಧವಾದರೂ ಅಮೆರಿಕದ ಬಾವುಟದ ಹಡಗಿನಲ್ಲೇ ಹೋಗಬೇಕು ಅಂತ ನಿಯಮ ಬೇರೆ. 2007ರಲ್ಲಿ ಅವರದೇ ಸರ್ಕಾರದ ಲೆಕ್ಕಪರಿಶೋಧಕರು ಕೂತು ನೋಡಿದರೆ, ತುರ್ತು ಆಹಾರಕ್ಕೆ ಅಂತ ಇಟ್ಟ ನೂರು ಡಾಲರಿನಲ್ಲಿ 65 ಡಾಲರ್ ಸಾಗಣೆಗೂ ಇತರ ಖರ್ಚಿಗೂ ಹೋಗಿತ್ತು. ತಲುಪಲು ನಾಲ್ಕರಿಂದ ಆರು ತಿಂಗಳು. ಈಗ ಹೇಳಿ, ಇಲ್ಲಿ ಈರಭದ್ರ ಯಾರು? ಅದೇ ವರ್ಷ ಕೇರ್ ಎಂಬ ಅಂತಾರಾಷ್ಟ್ರೀಯ ನೆರವು ಸಂಸ್ಥೆ, ವರ್ಷಕ್ಕೆ ಸುಮಾರು 4.5 ಕೋಟಿ ಡಾಲರಿನ ಇಂಥ ನೆರವು ನಮಗೆ ಬೇಡ ಅಂದುಬಿಟ್ಟಿತು. ಅಮೆರಿಕದ ಧಾನ್ಯವನ್ನು ಬಡ ದೇಶದ ಮಾರುಕಟ್ಟೆಯಲ್ಲಿ ಮಾರಿ, ಬಂದ ದುಡ್ಡಿನಲ್ಲಿ ಕೆಲಸ ನಡೆಸುವ ಪದ್ಧತಿ ಅದು. ಅಲ್ಲಿನ ರೈತ ತನ್ನ ಬೆಳೆ ತಂದು ಪಕ್ಕದಲ್ಲಿ ಕೂತರೆ ಅವನಿಗೆ ಏನು ಸಿಗುತ್ತದೆ? ಹಡಗು ಬಂದ ವರ್ಷ ಅವನಿಗೆ ಸುಗ್ಗಿಯೇ ಶಾಪ.

ಕೊಡುವವರು ಎಂದೂ ಪಡೆಯುವವರ ಕಣ್ಣಿನಿಂದ ನೋಡುವುದಿಲ್ಲ. 2001ರಲ್ಲಿ ಅಮೆರಿಕದ ವಿಮಾನಗಳು ಅಫ್ಘಾನಿಸ್ತಾನದ ಮೇಲೆ ಊಟದ ಪೊಟ್ಟಣ ಉದುರಿಸಿದವು. ಬಣ್ಣ ಹಳದಿ. ಅದೇ ದಿನಗಳಲ್ಲಿ, ಹೊಟ್ಟೆಯಲ್ಲಿ ಹಲವು ಮರಿ ಬಾಂಬು ತುಂಬಿಕೊಂಡಿರುವ ಕ್ಲಸ್ಟರ್ ಬಾಂಬುಗಳನ್ನೂ ಹಾಕುತ್ತಿದ್ದರು. ಅವುಗಳಿಂದ ಉದುರಿ ಸಿಡಿಯದೆ ಉಳಿದ ಮರಿಗಳೂ ಹಳದಿ. ಯಾವುದು ಊಟ, ಯಾವುದು ಸಾವು ಅಂತ ರೇಡಿಯೊದಲ್ಲಿ ಎಚ್ಚರಿಸಬೇಕಾಯಿತು. ಕೊನೆಗೆ ಪೊಟ್ಟಣದ ಬಣ್ಣ ಬದಲಿಸಿದರು. ಬಾಂಬಿನದ್ದಲ್ಲ, ಪೊಟ್ಟಣದ್ದು. 2025ರಲ್ಲಿ ದುಬೈ ಗೋದಾಮಿನಲ್ಲಿದ್ದ ಸುಮಾರು 500 ಟನ್ ಅಮೆರಿಕದ ತುರ್ತು ಬಿಸ್ಕತ್ತು, ಹಂಚಲು ಸಹಿ ಹಾಕುವವರಿಲ್ಲದೆ ಅವಧಿ ಮುಗಿಸಿ ನಾಶವಾಗುವ ಸ್ಥಿತಿಗೆ ಬಂತು. ಗಾಜಾ, ಸುಡಾನ್ ಎರಡೂ ಹಸಿದು ಕೂತಿದ್ದ ವರ್ಷ ಅದು.

ನಾವು ಪತ್ರಿಕೆಯವರೂ ಕಮ್ಮಿಯೇನಿಲ್ಲ. ಬಟ್ಟಲು ಹಿಡಿದು ಅಳುವ ಮಗುವನ್ನು ಮುಖಪುಟಕ್ಕೆ ಹಾಕಿದರೆ ಸಂಚಿಕೆ ಖರ್ಚಾಗುತ್ತದೆ. ಅಂಗಡಿ ಮುಂದೆ ನಿಂತು ಚಿಲ್ಲರೆ ಎಣಿಸಿ, ಈ ಬೇಳೆ ಬೇಡ ಆ ಬೇಳೆ ಕೊಡು ಅಂತ ಚೌಕಾಸಿ ಮಾಡುವ ನಿರಾಶ್ರಿತ ಹೆಂಗಸಿನ ಫೋಟೊ ಒಮ್ಮೆ ಹಾಕಿದ್ದೆ. "ಇವಳಿಗೆ ಯಾಕೆ ನೆರವು, ಚೆನ್ನಾಗೇ ಇದ್ದಾಳಲ್ಲ" ಅಂತ ಹನ್ನೊಂದು ಪತ್ರ ಬಂದವು. ನಿಮ್ಮದು ಅದರಲ್ಲಿ ಇರಲಿಲ್ಲ, ಹುಡುಕಿ ನೋಡಿದೆ.

ಚೆಕ್ಕು ನನ್ನ ಮೇಜಿನ ಮೇಲೇ ಇದೆ. ಹಿಂಬದಿಯಲ್ಲಿ "ಧಾನ್ಯಕ್ಕೆ ಮಾತ್ರ" ಅಂತ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೀರಿ, ಎರಡು ಸಲ. ಆ ಷರತ್ತು ಬಿಡುತ್ತೀರಾದರೆ ಒಂದು ಕಾರ್ಡು ಹಾಕಿ, ಇವತ್ತೇ ಕಳಿಸುತ್ತೇನೆ. ಬಿಡುವುದಿಲ್ಲ ಅಂದರೂ ಬರೆಯಿರಿ, ನಿಮ್ಮ ಮಾತಿನಂತೆ ಗೋಧಿಯನ್ನೇ ಕೊಳ್ಳೋಣ, ಬೀಸುವ ಕೂಲಿ ನಾನು ಹಾಕುತ್ತೇನೆ. ಉತ್ತರ ಮಾತ್ರ ಹಡಗಿನಲ್ಲಿ ಕಳಿಸಬೇಡಿ.

ಸಂಪಾದಕ