ಖಾರ್ಕಿವ್ ಕಡೆ ಎಡವಿದರು, ಕೀವ್‌ನಲ್ಲಿ ಗೆದ್ದರು

ಎರಡನೇ ಮಹಾಯುದ್ಧದ ಸೋವಿಯತ್ ಜನರಲ್ ನಿಕೊಲಾಯ್ ವತೂತಿನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿವಮೊಗ್ಗದ ಓದುಗರೊಬ್ಬರು ಪತ್ರ ಬರೆದಿದ್ದಾರೆ. "1943ರಲ್ಲಿ ಖಾರ್ಕಿವ್ ಕಳೆದುಕೊಂಡವರನ್ನು ಇಷ್ಟು ಹೊಗಳುವುದು ಯಾಕೆ? ಅವರು ಅಷ್ಟು ದೊಡ್ಡವರಾಗಿದ್ದರೆ ಕೀವ್‌ನವರು ಅವರ ಪ್ರತಿಮೆಯನ್ನು ಯಾಕೆ ತೆಗೆದುಹಾಕಿದರು?" ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ಪ್ರತಿಮೆಯ ವಿಷಯ ಮೊದಲು ಹೇಳಿಬಿಡುತ್ತೇನೆ. 1948ರಲ್ಲಿ ವತೂತಿನ್ ಸಮಾಧಿಯ ಮೇಲೆ ನಿಲ್ಲಿಸಿದ ಪ್ರತಿಮೆ ಅದು. 2023ರ ಫೆಬ್ರವರಿಯಲ್ಲಿ ಅದನ್ನು ಇಳಿಸಿದರು. ಆ ಹೊತ್ತಿಗೆ ರಷ್ಯಾ ಪೂರ್ಣ ಪ್ರಮಾಣದಲ್ಲಿ ದಾಳಿ ಮಾಡಿ ಒಂದು ವರ್ಷವಾಗುತ್ತ ಬಂದಿತ್ತು. ತಮ್ಮ ಊರಲ್ಲಿ ಯಾರ ಪ್ರತಿಮೆ ಇರಬೇಕು ಅನ್ನೋದನ್ನು ಊರಿನವರೇ ತೀರ್ಮಾನಿಸಬೇಕು, ಅಲ್ವಾ? ಆದರೆ 1943ರಲ್ಲಿ ಅವರು ಹೇಗೆ ಯುದ್ಧ ಮಾಡಿದರು ಅನ್ನೋದು ಬೇರೆ ಪ್ರಶ್ನೆ.

ಖಾರ್ಕಿವ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. ಹಲವು ಸೇನೆಗಳು ಸೇರಿದ ದೊಡ್ಡ ಪಡೆಗೆ ಸೋವಿಯತ್ ಲೆಕ್ಕದಲ್ಲಿ 'ಫ್ರಂಟ್' ಎನ್ನುತ್ತಿದ್ದರು. ಖಾರ್ಕಿವ್ ನಗರ ಇದ್ದದ್ದು ಪಕ್ಕದ ಗೋಲಿಕೊವ್ ಅವರ ಫ್ರಂಟ್ ಕೈಯಲ್ಲಿ. ವತೂತಿನ್ ಫ್ರಂಟ್ ಅದರ ದಕ್ಷಿಣಕ್ಕಿತ್ತು. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ನರನ್ನು ಸುತ್ತುವರಿದ ಗೆಲುವು ಇನ್ನೂ ಬಿಸಿಯಾಗಿತ್ತು. ಶತ್ರು ನೀಪರ್ ನದಿಯಾಚೆ ಓಡುತ್ತಿದ್ದಾನೆ ಎಂದೇ ವತೂತಿನ್ ನಂಬಿದ್ದರು. ಜರ್ಮನ್ ಟ್ಯಾಂಕುಗಳ ಓಡಾಟ ವಿಮಾನಗಳ ಕಣ್ಣಿಗೆ ಬಿದ್ದಿತ್ತು. ಅದನ್ನೂ ಅವರು ಹಿಂದೆ ಸರಿಯುವ ತಯಾರಿ ಎಂದೇ ತಿಳಿದರು. ನಿಜಕ್ಕೂ ಜರ್ಮನ್ ಸೇನಾಪತಿ ಮ್ಯಾನ್‌ಸ್ಟೈನ್ ತಿರುಗಿ ಹೊಡೆಯಲು ಪಡೆ ಕೂಡಿಸುತ್ತಿದ್ದರು. ವತೂತಿನ್ ಅವರ ಒಂದು ಟ್ಯಾಂಕ್ ಕೋರ್ (ಟ್ಯಾಂಕುಗಳ ದೊಡ್ಡ ದಳ) ಝಾಪೊರಿಝಿಯಾ ಹತ್ತಿರ ಡೀಸೆಲ್ ಮುಗಿದು ನಿಂತೇಬಿಟ್ಟಿತು. ಫೆಬ್ರವರಿ ಕೊನೆಯ ಹೊತ್ತಿಗೆ ಅವರ ಫ್ರಂಟ್ ಚದುರಿಹೋಗಿತ್ತು, ಮಾರ್ಚ್‌ನಲ್ಲಿ ಖಾರ್ಕಿವ್ ಮತ್ತೆ ಜರ್ಮನ್ನರ ಪಾಲಾಯಿತು. ಮಾಸ್ಕೋದಲ್ಲಿ ಸ್ಟಾಲಿನ್ ಕೂಡ ಅದೇ ಭ್ರಮೆಯಲ್ಲಿದ್ದದ್ದು ನಿಜ. ಹಾಗಂತ ವತೂತಿನ್ ಹೊಣೆ ಕಡಿಮೆಯಾಗುವುದಿಲ್ಲ. ಸತ್ತವರು ಅವರ ಸೈನಿಕರು.

ನಾನು ಅವರನ್ನು ಮೆಚ್ಚುವುದು ಅದೇ ವರ್ಷದ ಅಕ್ಟೋಬರ್-ನವೆಂಬರ್‌ನಲ್ಲಿ ಅವರು ಮಾಡಿದ ಕೆಲಸಕ್ಕಾಗಿ. ಕೀವ್ ಹಿಡಿಯಬೇಕಿತ್ತು. ನಗರದ ದಕ್ಷಿಣಕ್ಕೆ ಬುಕ್ರಿನ್ ಎಂಬಲ್ಲಿ ನೀಪರ್ ದಾಟಿ ನೆಲೆ ಮಾಡಿಕೊಂಡಿದ್ದರು, ಮುಖ್ಯ ಬಲವೆಲ್ಲ ಅಲ್ಲೇ ಇತ್ತು. ಆದರೆ ಅದು ಬರೀ ಗುಡ್ಡ, ಕೊರಕಲು. ಟ್ಯಾಂಕ್ ಓಡಿಸಲು ಜಾಗವೇ ಇಲ್ಲ. ಅಕ್ಟೋಬರ್‌ನಲ್ಲಿ ಎರಡು ಸಲ ನುಗ್ಗಿದರು, ಎರಡು ಸಲವೂ ಆಗಲಿಲ್ಲ. ಜನ ಸುಮ್ನೆ ಸತ್ತರು.

ಕೀವ್‌ನ ಉತ್ತರಕ್ಕೆ ಲ್ಯೂತೆಜ್ ಹಳ್ಳಿಯ ಹತ್ತಿರ ಇನ್ನೊಂದು ಚಿಕ್ಕ ನೆಲೆ ಇತ್ತು. ಅಲ್ಲಿಗೆ ಹೋಗಲು ದೆಸ್ನಾ ನದಿಯನ್ನೂ ದಾಟಬೇಕು. ಕ್ರಾವ್ಚೆಂಕೊ ಅವರ ಟ್ಯಾಂಕ್ ಕೋರ್ ಅಕ್ಟೋಬರ್ ಮೊದಲ ವಾರ ಅದನ್ನು ದಾಟಿದ ರೀತಿ ಕೇಳಿ. ಟಿ-34 ಟ್ಯಾಂಕಿನ ಸಂದುಗಳಿಗೆಲ್ಲ ಗ್ರೀಸ್‌ನಲ್ಲಿ ಅದ್ದಿದ ನಾರು ತುರುಕಿದರು. ಹೊಗೆ ಕೊಳವೆಗಳಿಗೆ ಟಾರ್ಪಾಲಿನ್ ಸುತ್ತಿ ನೀರಿನ ಮೇಲಕ್ಕೆ ಎತ್ತಿದರು. ಆಮೇಲೆ ನದಿಯ ತಳದಲ್ಲೇ ಟ್ಯಾಂಕ್ ಓಡಿಸಿದರು. ಒಳಗಿನ ಚಾಲಕನಿಗೆ ಏನೂ ಕಾಣದು, ಮೇಲಿನ ಕಮಾಂಡರ್ ಹೇಳಿದ ಕಡೆಗೆ ತಿರುಗಿಸುವುದಷ್ಟೇ.

ಅಕ್ಟೋಬರ್ 24ರಂದು ಮಾಸ್ಕೋದಿಂದ ಆದೇಶ ಬಂತು: ಬಲವನ್ನೆಲ್ಲ ಉತ್ತರಕ್ಕೆ ಸಾಗಿಸಿ. ಇದು ವತೂತಿನ್ ಒಬ್ಬರದೇ ತೀರ್ಮಾನ ಎಂದು ನಾನು ಹೇಳುವುದಿಲ್ಲ. ಮೇಲಿನಿಂದ ಮಾಸ್ಕೋದ ಪ್ರತಿನಿಧಿಯಾಗಿ ಮಾರ್ಷಲ್ ಝೂಕೊವ್ ಕೂಡ ಇದ್ದರು. ಆದರೆ ಅದನ್ನು ಮಾಡಿ ತೋರಿಸಿದ್ದು ವತೂತಿನ್ ಅವರ ಫ್ರಂಟ್. ರಿಬಾಲ್ಕೊ ಅವರ ಇಡೀ ಟ್ಯಾಂಕ್ ಸೇನೆ ಬುಕ್ರಿನ್‌ನಿಂದ ನೀಪರ್ ದಾಟಿ ಹಿಂದೆ ಬಂತು. ರಾತ್ರಿಗಳಲ್ಲಿ 150 ಕಿ.ಮೀ.ಗೂ ಜಾಸ್ತಿ ದೂರ ಸಾಗಿ, ದೆಸ್ನಾ ದಾಟಿ, ಮತ್ತೆ ನೀಪರ್ ದಾಟಿ ಲ್ಯೂತೆಜ್ ಸೇರಿತು. ಬುಕ್ರಿನ್‌ನಲ್ಲಿ ಹುಸಿ ಟ್ಯಾಂಕುಗಳನ್ನು ಬಿಟ್ಟಿದ್ದರು. ರೇಡಿಯೊಗಳು ಎಂದಿನಂತೆ ಮಾತಾಡುತ್ತಲೇ ಇದ್ದವು. ನವೆಂಬರ್ 1ಕ್ಕೆ ಬುಕ್ರಿನ್‌ನಿಂದಲೇ ದಾಳಿ ಮಾಡಿ ಜರ್ಮನ್ನರ ಗಮನ ಅತ್ತ ಸೆಳೆದರು. ನವೆಂಬರ್ 3ಕ್ಕೆ ನಿಜವಾದ ಹೊಡೆತ ಉತ್ತರದಿಂದ ಬಿತ್ತು. 6ರ ಬೆಳಗ್ಗೆ ಕೀವ್ ಬಿಡುಗಡೆಯಾಯಿತು.

ಫೆಬ್ರವರಿಯಲ್ಲಿ ತಮ್ಮ ನಂಬಿಕೆಗೆ ತಕ್ಕಂತೆ ಶತ್ರುವನ್ನು ನೋಡಿದವರು, ನವೆಂಬರ್‌ನಲ್ಲಿ ಶತ್ರುವಿಗೆ ಬೇಕಾದ್ದನ್ನೇ ತೋರಿಸಿ ಮೋಸಗೊಳಿಸಿದರು. ಒಂಬತ್ತು ತಿಂಗಳಲ್ಲಿ ಒಬ್ಬ ಜನರಲ್ ಇಷ್ಟು ಕಲಿತದ್ದನ್ನು ನಾನು ಬೇರೆಡೆ ಹೆಚ್ಚು ಕಂಡಿಲ್ಲ. ಹಾಗಾಗಿ ಆ ಲೇಖನದ ಹೊಗಳಿಕೆ ನನಗೆ ಅತಿ ಅನ್ನಿಸುವುದಿಲ್ಲ.

ಅವರು ಮೂಲತಃ ನಕ್ಷೆ, ಯೋಜನೆಗಳ ಮನುಷ್ಯ. 1941ರಲ್ಲಿ ಸೇನೆಯ ಯುದ್ಧಯೋಜನೆ ಮಾಡುವ ಜನರಲ್ ಸ್ಟಾಫ್‌ನಲ್ಲಿ ಝೂಕೊವ್ ಕೈಕೆಳಗೆ ಉಪಮುಖ್ಯಸ್ಥರಾಗಿದ್ದರು. 1942ರಲ್ಲಿ ವೊರೊನೆಝ್ ಫ್ರಂಟ್‌ಗೆ ಯಾರನ್ನು ಕಳಿಸುವುದು ಎಂದು ಸ್ಟಾಲಿನ್ ಮುಂದೆ ಚರ್ಚೆ ನಡೆದಾಗ, ಎದ್ದು ನಿಂತು ನನ್ನನ್ನೇ ಕಳಿಸಿ ಎಂದರಂತೆ. ಆಗ ಜನರಲ್ ಸ್ಟಾಫ್ ಮುಖ್ಯಸ್ಥರಾಗಿದ್ದ ವಸಿಲೆವ್‌ಸ್ಕಿ ಇದನ್ನು ನೆನೆದು ಬರೆದಿದ್ದಾರೆ.

1944ರ ಫೆಬ್ರವರಿ 29ರಂದು ಅವರು ರೊವ್ನೊದಿಂದ ಸ್ಲಾವುತಾ ಕಡೆಗೆ ಹೊರಟಿದ್ದರು. ದಾರಿಯಲ್ಲಿ, ಸ್ವತಂತ್ರ ಉಕ್ರೇನಿಗಾಗಿ ಸೋವಿಯತ್ ವಿರುದ್ಧವೂ ಹೋರಾಡುತ್ತಿದ್ದ ಉಕ್ರೇನಿನ ಬಂಡುಕೋರ ಸೇನೆಯವರ ಗುಂಡು ತೊಡೆಗೆ ತಗುಲಿತು. ಗಾಯ ಕೆಟ್ಟಿತು, ಕಾಲು ಕತ್ತರಿಸಿದರೂ ಉಳಿಯಲಿಲ್ಲ. ಏಪ್ರಿಲ್ 15ರಂದು ಕೀವ್‌ನಲ್ಲೇ ತೀರಿಕೊಂಡರು. ವಯಸ್ಸು 42. ಅದೇ ವರ್ಷ ಅವರ ಇಬ್ಬರು ಸಹೋದರರೂ ಯುದ್ಧದಲ್ಲಿ ಸತ್ತರು. ಗಾಯಗೊಂಡ ಮರುದಿನವೇ ಅವರ ಫ್ರಂಟ್ ಅನ್ನು ಝೂಕೊವ್ ತಾವೇ ವಹಿಸಿಕೊಂಡರು. ವತೂತಿನ್ ಸಿದ್ಧಪಡಿಸುತ್ತಿದ್ದ ದಾಳಿ ಮಾರ್ಚ್ 4ರಂದು ಶುರುವಾಯಿತು.